ನಾಲ್ಕೂವರೆ ಸುತ್ತು

ನಲವತ್ತೊಂಬತ್ತರ ಬೇಸಿಗೆಯಲ್ಲಿ ಕುರುಗೋಡಿನ ಹೊಲವೊಂದರಲ್ಲಿ ನಡೆದ ಈ ಸಂಗತಿಯನ್ನು ಸಿರುಗುಪ್ಪದಲ್ಲಿಯೂ ಹೇಳುತ್ತಾರೆ, ಬಳ್ಳಾರಿಯ ಲಾರಿ ಶೆಡ್ಡುಗಳಲ್ಲಿಯೂ ಹೇಳುತ್ತಾರೆ. ಶೆಡ್ಡಿನವರ ಕಥೆಯಲ್ಲಿ ಹನುಮಮ್ಮ ಬರುವುದೇ ಇಲ್ಲ. ಕುರುಗೋಡಿನವರು ಹೇಳುವುದು ಹೀಗೆ.

ಗಾದೆಪ್ಪ ಬಾವಿಗಳ ಹೂಳು ತೆಗೆಯುವವನು. ಅವನು ಕೆಳಗಿಳಿದು ಬುಟ್ಟಿ ತುಂಬಿದರೆ ಹೆಂಡತಿ ಹನುಮಮ್ಮ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದಳು. ಬಗ್ಗಿ ನೋಡುವ ರೂಢಿ ಅವಳಿಗಿರಲಿಲ್ಲ. ಹಗ್ಗಕ್ಕೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿ, ಅದು ಎಷ್ಟು ಗೇಣು ಸರಿಯಿತೆಂದು ನೋಡಿಯೇ ಬುಟ್ಟಿ ಎಲ್ಲಿದೆಯೆಂದು ತಿಳಿಯುತ್ತಿದ್ದಳು.

ಆ ಬೆಳಿಗ್ಗೆ ಬಾವಿಯ ಗೋಡೆಯಿಂದ ಉದ್ದನೆಯ ಚಪ್ಪಡಿಯೊಂದು ಕಳಚಿ, ಕೆಳತುದಿ ಗಾದೆಪ್ಪನ ಬಲಗಾಲಿನ ಮೇಲೆ ಕೂತಿತು. ಮೇಲ್ತುದಿ ಎದುರುಗೋಡೆಯ ಚಾಚುಗಲ್ಲಿಗೆ ಸಿಕ್ಕಿ ನಿಂತಿತು. ಇನ್ನೊಬ್ಬರು ಇಳಿದು ನಿಲ್ಲಲು ಜಾಗವಿರಲಿಲ್ಲ. ಒಸರುವ ನೀರು ಸೊಂಟ ದಾಟಿ ಎದೆಗೆ ಬರುತ್ತಿತ್ತು. ಇಳಿಬಿಟ್ಟ ದಪ್ಪ ಹಗ್ಗವನ್ನು ಗಾದೆಪ್ಪ ತಾನೇ ನೀರಿನೊಳಗೆ ತಡಕಾಡಿ ಚಪ್ಪಡಿಯ ಕೆಳತುದಿಗೆ ಬಿಗಿದ. ಓಡಿಬಂದ ಜನ ಎತ್ತು ಹೂಡಿ ಎಳೆಸಿದರು. ಎತ್ತುಗಳು ಒಮ್ಮೆಲೇ ಜಗ್ಗಿದವು, ಚಾಚುಗಲ್ಲಿನಿಂದ ಚೂರುಗಳು ಉದುರಿದವು.

“ಬ್ಯಾಡ್ರಿ! ಎತ್ತು ಬಿಚ್ರಿ!” ಎಂದು ಕೆಳಗಿನಿಂದ ಗಾದೆಪ್ಪ ಕೂಗಿದ. “ಒಂದು ಗೇಣು ಎತ್ತಿದ್ರ ಕಾಲು ಬರ್ತೈತಿ. ಎರಡು ಗೇಣಾತಂದ್ರ ಮ್ಯಾಲಿನ ತುದಿ ತಪ್ಪಿ ನನ್ನ ಎದಿ ಮ್ಯಾಲ ಕುಂದರ್ತೈತಿ!”

ಆ ಹೊತ್ತಿಗೆ ಸಿರುಗುಪ್ಪಕ್ಕೆ ಭತ್ತ ತರಲು ಹೊರಟ ಲಾರಿಯೊಂದು ಜನರ ಗುಂಪು ಕಂಡು ನಿಂತಿತು. ಓಡಿಸುತ್ತಿದ್ದವನು ಎರ್ರಣ್ಣ, ಜೊತೆಗಿದ್ದವನು ಬಳ್ಳಾರಿ ಶೆಡ್ಡಿನ ಮಿಸ್ತ್ರಿ ಚಿನ್ನಪ್ಪ. ಆ ಲಾರಿಯ ಗೇರುಗಳನ್ನು ಚಿನ್ನಪ್ಪ ಬಿಚ್ಚಿ ಕೂಡಿಸಿ ವಾರವೂ ಆಗಿರಲಿಲ್ಲ. ಒಂದೊಂದು ಹಲ್ಲನ್ನೂ ಎಣಿಸಿದ್ದ.

“ಹಿಂದಿನ ಗಾಲಿ ಬಿಚ್ಚಿ, ಅದರ ಗುಂಬಕ್ಕ ಹಗ್ಗ ಸುತ್ತಿ ಲಾರಿಲೆ ಎಳಿಯೋಣು,” ಎಂದ ಅವನು. “ಗೇರ್ ಪೆಟ್ಟಿಗ್ಯಾಗ ಆರಕ್ಕೊಂದು, ಹಿಂದಿನ ಅಚ್ಚಿನಾಗ ಮತ್ತ ಆರಕ್ಕೊಂದು. ಮೊದಲನೇ ಗೇರಿನಾಗ ಇಂಜಿನ್ ಮೂವತ್ತಾರು ಸುತ್ತಿದ್ರ ಹಿಂದಿನ ಗಾಲಿ ಒಂದು ಸುತ್ತು. ಎರಡೂ ಗಾಲಿ ಎತ್ತಿಟ್ಟು ನಾನ ಎಣಿಸೀನಿ.”

“ಸುರು ಮಾಡ್ಲೇನಲೇ ಇಂಜಿನ್?” ಎಂದ ಎರ್ರಣ್ಣ.

“ಎಷ್ಟು ಮೆಲ್ಲಗ ಬಿಟ್ರೂ ಅದು ನಿಮಿಷಕ್ಕ ನಾನೂರು ಸುತ್ತು. ನೀನು ಕಣ್ಣು ಪಿಳುಕಿಸೋದ್ರಾಗ ಕಲ್ಲು ಮ್ಯಾಲ ಬಂದಿರ್ತೈತಿ. ಮುಂದಿನ ಹ್ಯಾಂಡಲ್ ಹಾಕಿ ಕೈಲೆ ತಿರುವ್ತೀನಿ. ನೀನು ಬ್ರೇಕಿನ ಮ್ಯಾಲ ಕಾಲಿಟ್ಟುಕೊಂಡು ಕುಂದ್ರು, ನಾ ನಿಲ್ಲಿಸಿದಾಗ ತುಳಿ.”

“ಇಷ್ಟು ದಿವಸಕ್ಕ ನನಗ ಕುಂದ್ರೋ ಕೆಲಸ ಕೊಟ್ಟಿ ನೋಡಪ,” ಎನ್ನುತ್ತ ಎರ್ರಣ್ಣ ಹತ್ತಿ ಕೂತ.

ಲಾರಿಯಲ್ಲಿದ್ದುದು ಒಂದೇ ಜಾಕ್. ಬಾವಿಯ ಕಡೆಯ ಹಿಂಗಾಲಿಯನ್ನು ಎತ್ತಿ ಬಿಚ್ಚಿದರು. ಇನ್ನೊಂದು ನೆಲದ ಮೇಲೆಯೇ ಉಳಿಯಿತು, ಅದಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಗಾಲಿ ಬಿಚ್ಚಿದ ಕಡೆ ಅಚ್ಚಿನ ತುದಿಯಲ್ಲಿ ಉಳಿದ ಗುಂಬದ ಸುತ್ತಳತೆ ನಾಲ್ಕು ಗೇಣು. ಬಾವಿಯ ರಾಟೆಯ ಮೇಲಿಂದ ಬಂದ ಹಗ್ಗವನ್ನು ಅದಕ್ಕೆ ಬಿಗಿದು ಸಡಿಲ ತೆಗೆದರು. ಒಂದು ಗೇಣಿಗೆ ಗುಂಬದ ಕಾಲು ಸುತ್ತು. ಮೂವತ್ತಾರರ ಕಾಲು ಭಾಗ ಒಂಬತ್ತು. ಚಿನ್ನಪ್ಪ ಮೊದಲನೇ ಗೇರು ಹಾಕಿಸಿ, ಇಂಜಿನ್ ಹಗುರಾಗಿ ತಿರುಗಲೆಂದು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಹ್ಯಾಂಡಲಿಗೆ ಕೈಹಾಕಿ ಗಟ್ಟಿಯಾಗಿ ಎಣಿಸತೊಡಗಿದ. ಹನುಮಮ್ಮ ಆಗಲೇ ಸೆರಗಿನ ಅಂಚು ಹರಿದು ಹಗ್ಗಕ್ಕೆ ಕಟ್ಟಿದ್ದಳು.

ನಾಲ್ಕು ಎಂದಾಗ ಅವಳು ಕೈ ಎತ್ತಿದಳು. “ನಿಲ್ಲಸ್ರಿ!”

ಎರ್ರಣ್ಣ ಬ್ರೇಕ್ ತುಳಿದ.

“ಇನ್ನೂ ಐದು ಅದಾವವ್ವ. ಒಂಬತ್ತಾಗಬೇಕು.”

“ನಿನ್ನ ಒಂಬತ್ತು ಒಲಿಗೆ ಹಾಕು! ಬಟ್ಟಿ ಗೇಣಿಗೆ ಒಂದು ಬೆರಳು ಕಮ್ಮಿ ಬಂದೈತಿ.”

“ಹಗ್ಗ ಹಿಗ್ಗಿರ್ತೈತಿ.”

“ಹಗ್ಗ ಹಿಡಿದು ಇಪ್ಪತ್ತು ವರ್ಷಾತು. ಹಿಗ್ಗಿದ್ದು ಯಾವುದು, ಎದ್ದಿದ್ದು ಯಾವುದು ನನಗ ಗೊತ್ತಿಲ್ಲೇನು?”

ಕೆಳಗಿನಿಂದ ದನಿ ಬಂತು, ನೀರು ಗಲ್ಲ ಮುಟ್ಟಿದವನ ದನಿ: “ಹಿಮ್ಮಡಿ ಸಿಕ್ಕೈತಿ... ಇನ್ನೊಂಚೂರು...”

ಚಿನ್ನಪ್ಪನ ಕೈ ಹ್ಯಾಂಡಲಿನ ಮೇಲೆಯೇ ಇತ್ತು. ಹನುಮಮ್ಮ ಬಂದು ಆ ಕೈಯ ಮೇಲೆ ತನ್ನ ಕೈಯಿಟ್ಟು ಅದುಮಿ ಹಿಡಿದಳು. ಅವನು ಬಗ್ಗಿ ಲಾರಿಯ ಕೆಳಗೆ ನೋಡಿದ. ಆಚೆಯ ಗಾಲಿ ಕಲ್ಲುಗಳ ನಡುವೆ ಕದಲದೆ ಕೂತಿತ್ತು. ಶೆಡ್ಡಿನಲ್ಲಿ ಎರಡೂ ಗಾಲಿ ಸುತ್ತಿದ್ದವು. ಇಲ್ಲಿ ಒಂದು ನಿಂತಿದೆ. ಅಚ್ಚಿನ ಗೇರು ಎರಡಕ್ಕೂ ಹಂಚುವ ಸುತ್ತಿನಲ್ಲಿ ಅದರ ಪಾಲೂ ಹಗ್ಗ ಸುತ್ತಿದ ಗುಂಬಕ್ಕೇ ಬರುತ್ತಿದೆ. ಮೂವತ್ತಾರಕ್ಕಲ್ಲ, ಹದಿನೆಂಟಕ್ಕೇ ಒಂದು ಸುತ್ತು. ಒಂಬತ್ತು ತಿರುವಿದ್ದರೆ ಎರಡು ಗೇಣು.

ಅವನು ಎದ್ದು ನೆಟ್ಟಗೆ ನಿಂತ.

“ಅರ್ಧ ಸುತ್ತು,” ಎಂದ. “ಅರ್ಧಾನ. ಬಟ್ಟಿ ನೋಡವ್ವ.”

ಹನುಮಮ್ಮ ಓಡಿಹೋಗಿ ಹಗ್ಗದ ಬಳಿ ಗೇಣು ಚಾಚಿ ನಿಂತಳು. ಹ್ಯಾಂಡಲ್ ಅರ್ಧ ಸುತ್ತಿತು. ಬಟ್ಟೆ ಅವಳ ಕಿರುಬೆರಳಿಗೆ ತಾಗಿತು. ಕೆಳಗೆ ನೀರು ಕಲಕಿದ ಸದ್ದು. ಆಮೇಲೆ ಗಾದೆಪ್ಪ ದೊಡ್ಡದಾಗಿ ಅತ್ತ.

ಇನ್ನೊಂದು ಹಗ್ಗದಲ್ಲಿ ಅವನನ್ನು ಮೇಲೆಳೆದುಕೊಳ್ಳುವವರೆಗೆ ಎರ್ರಣ್ಣ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಇಳಿಯಲು ಹೋದಾಗ ಅದು ಮರಗಟ್ಟಿ, ಇಬ್ಬರು ಅವನನ್ನೂ ಎತ್ತಿ ಇಳಿಸಬೇಕಾಯಿತು.

ನೆರಳಿನಲ್ಲಿ ಮಲಗಿಸಿದ ಮೇಲೆ ಗಾದೆಪ್ಪ ಕೇಳಿದ: “ಎಷ್ಟು ಸುತ್ತು ತಿರುವಿದ್ರಿ ಮಿಸ್ತ್ರಿ?”

“ನಾಲ್ಕೂವರಿ,” ಎಂದ ಚಿನ್ನಪ್ಪ.

ಒಂಬತ್ತರ ಮಾತನ್ನು ಅವನು ಎತ್ತಲಿಲ್ಲ. ಹನುಮಮ್ಮ ಅವನ ಮುಖವನ್ನೊಮ್ಮೆ ನೋಡಿ, ಹಗ್ಗದಿಂದ ಬಟ್ಟೆ ಬಿಚ್ಚಿ, ಗಂಡನ ಹಿಮ್ಮಡಿಗೆ ಸುತ್ತತೊಡಗಿದಳು.