ಭುಜಕ್ಕೆ ಎಷ್ಟು ಸಾಲು ಹೊಲಿಗೆ

ಡಾಕ್ಟರು ಕಾಗದದ ಮೇಲೆ ಭುಜದ ಚಿತ್ರ ಬರೆದರು. ಅದು ಆಲೂಗಡ್ಡೆಗೆ ಟೋಪಿ ಹಾಕಿದ ಹಾಗೆ ಕಾಣುತ್ತಿತ್ತು.

"ಈ ಟೋಪಿ ಇದೆಯಲ್ಲಮ್ಮ, ಇದೇ ಸ್ನಾಯುವನ್ನ ಮೂಳೆಗೆ ಹಿಡಿದಿಡೋ ಪಟ್ಟಿ. ನಿಮ್ಮದು ಇಲ್ಲಿ ಕಿತ್ತು ಬಂದಿದೆ. ಮೂಳೆಗೆ ಸಣ್ಣ ಸ್ಕ್ರೂ ಕೂರಿಸಿ, ಅದಕ್ಕೆ ಪೋಣಿಸಿರೋ ದಾರದಿಂದ ಪಟ್ಟೀನ ಹೊಲಿದು ಬಿಗೀತೀವಿ. ಒಂದು ಸಾಲಾದ್ರೂ ಹಾಕಬಹುದು, ಎರಡು ಸಾಲಾದ್ರೂ ಹಾಕಬಹುದು."

ಹೊಲಿಗೆ ಎಂದ ಕೂಡಲೇ ಆಕೆಯ ಕಿವಿ ನೆಟ್ಟಗಾಯಿತು. ಇಪ್ಪತ್ತೆಂಟು ವರ್ಷದಿಂದ ಆಕೆ ಸೋಫಾಗಳಿಗೆ ಚರ್ಮ ಹೊಲಿಯುತ್ತಿದ್ದಳು. ಮರದ ಚೌಕಟ್ಟು ಮಾಡುವ ಗಂಡ ಆಕೆಯನ್ನು ಕರೆಯುವುದೇ ಮೇಸ್ತ್ರಿ ಎಂದು. ಚರ್ಮವನ್ನು ಎಳೆದು ಚೌಕಟ್ಟಿಗೆ ಬಿಗಿಯುವ ಆ ಬಲಗೈ ಮೂರು ತಿಂಗಳಿಂದ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕೈ ಸರಿಹೋಗದಿದ್ದರೆ ಅಂಗಡಿಯಲ್ಲಿ ಆಕೆಗೆ ಉಳಿಯುವುದು ಬಾಯಿ ಕೆಲಸ ಮಾತ್ರ. ಅದರಲ್ಲೂ ಆಕೆ ಕಡಿಮೆಯವಳಲ್ಲ ಎನ್ನುವುದು ಬೇರೆ ಮಾತು.

"ಯಾವುದು ಗಟ್ಟಿ ಡಾಕ್ಟ್ರೇ?"

"ಹರಕು ದೊಡ್ಡದಾದ್ರೆ ಎರಡು ಸಾಲು ಒಳ್ಳೇದು. ಸಣ್ಣದಾದ್ರೆ ಒಂದರಲ್ಲೂ ಅಷ್ಟೇ ಗುಣ ಸಿಗುತ್ತೆ. ನಿಮ್ಮದು ನಡುಮಧ್ಯ. ಒಳಗೆ ನೋಡಿ ತೀರ್ಮಾನ ಮಾಡ್ತೀನಿ."

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಗಂಡನ ಮೇಲೆ ಹರಿಹಾಯ್ದಳು. ಡಾಕ್ಟರು ಕೈಗೆ ಸಿಗುವಂತಿರಲಿಲ್ಲವಲ್ಲ.

"ಒಳಗೆ ನೋಡಿ ಅಂತೆ! ಅಷ್ಟು ಓದಿ ಒಂದೋ ಎರಡೋ ಹೇಳೋಕಾಗಲ್ವಾ ರೀ? ಹೇಳೋವರೆಗೂ ನಾನು ಆಪರೇಷನ್ ಕಾಗದಕ್ಕೆ ಸಹಿ ಹಾಕಲ್ಲ."

ಮರುದಿನ ಗಂಡನಿಂದ ಎರಡು ಮರದ ತುಂಡುಗಳಿಗೆ ತೂತು ಕೊರೆಸಿದಳು. ಹಳೆಯ ಸೋಫಾದ ಚರ್ಮದಿಂದ ಎರಡು ಪಟ್ಟಿ ಕತ್ತರಿಸಿ, ಕೈಯನ್ನು ಮೇಲೆತ್ತದೆಯೇ ಒಂದನ್ನು ಒಂದು ಸಾಲಿನಲ್ಲಿ, ಇನ್ನೊಂದನ್ನು ಎರಡು ಸಾಲಿನಲ್ಲಿ ಆ ಮರಕ್ಕೆ ಹೊಲಿದಳು. ಪಟ್ಟಿಗಳ ತುದಿಗೆ ಬಕೆಟ್ ಕಟ್ಟಿ ಇಟ್ಟಿಗೆ ತುಂಬಿಸಿದಳು. ಒಂದು ಸಾಲಿನದು ಒಂಬತ್ತನೇ ಇಟ್ಟಿಗೆಗೆ ಸಡಿಲವಾಯಿತು. ಎರಡು ಸಾಲಿನದು ಹದಿನಾಲ್ಕರ ತನಕ ತಡೆಯಿತು. ಆಮೇಲೆ ಹೊಲಿಗೆ ಹಾಗೇ ಇದ್ದು, ಒಳಸಾಲಿನ ತೂತುಗಳ ಗುಂಟ ಚರ್ಮವೇ ಹರಿದುಹೋಯಿತು.

"ಅಲ್ಲ ಮೇಸ್ತ್ರಿ, ನಿನ್ನ ಭುಜಕ್ಕೆ ಇಟ್ಟಿಗೆ ನೇತುಹಾಕೋರು ಯಾರು?" ಎಂದ ಗಂಡ, ಕಾಲ ಮೇಲೆ ಬೀಳಲಿದ್ದ ಬಕೆಟ್ಟಿನಿಂದ ಹಾರಿ ತಪ್ಪಿಸಿಕೊಂಡು.

ಎರಡೂ ತುಂಡುಗಳು ಚೀಲ ಸೇರಿ ಡಾಕ್ಟರ ಮೇಜಿನ ಮೇಲೆ ಬಂದು ಕೂತವು. ಡಾಕ್ಟರು ಅವನ್ನು ತಿರುಗಿಸಿ ಮುರುಗಿಸಿ ನೋಡಿದರು. ನಗಲಿಲ್ಲ. ಅದು ಆಕೆಗೆ ಹಿಡಿಸಿತು.

"ಎರಡು ಸಾಲು ಹಾಕಿದ್ರೆ ಹರಿದಾಗ ಹೀಗೇ ಒಳಸಾಲಿನ ಹತ್ತಿರ ಹರಿಯುತ್ತೆ ಅನ್ನೋ ಭಯ ನಮಗೂ ಇದೆ. ಆದ್ರೆ ಅಮ್ಮ, ಒಂದು ಮರೆತುಬಿಟ್ರಿ. ಇದು ಸತ್ತ ಚರ್ಮ. ಇದನ್ನ ಹೊಲಿಗೆ ಜೀವಮಾನ ಪೂರ್ತಿ ಹಿಡೀಬೇಕು. ನಿಮ್ಮ ಪಟ್ಟಿಗೆ ಜೀವ ಇದೆ, ಅದೇ ನಿಧಾನಕ್ಕೆ ಮೂಳೆಗೆ ಕೂಡಿಕೊಳ್ಳುತ್ತೆ. ಹೊಲಿಗೆ ಅಲ್ಲಿವರೆಗೆ ತಡೆದ್ರೆ ಸಾಕು. ಆರು ವಾರ ನೀವು ಕೈ ಸುಮ್ಮನೆ ಇಟ್ಕೋತೀರಾ ಅನ್ನೋದೇ ನನ್ನ ಚಿಂತೆ."

"ಹಾಗಾದ್ರೆ ಎರಡಲ್ಲ, ಹತ್ತು ಸಾಲು ಹಾಕಿಬಿಡಿ," ಎಂದ ಗಂಡ.

"ನೀವು ಸುಮ್ಮನಿರಿ. ಡಾಕ್ಟ್ರೇ, ಅದೆಲ್ಲ ಇರಲಿ, ಎಷ್ಟು ಸಾಲು?"

"ಹಳೇ ಸೋಫಾ ತಂದವರಿಗೆ ಎಷ್ಟು ಹೊಲಿಗೆ ಬೀಳುತ್ತೆ ಅಂತ ನೀವು ಮೊದಲೇ ಹೇಳ್ತೀರಾ?"

ಆಕೆ ಬಾಯಿ ತೆರೆಯುವಷ್ಟರಲ್ಲಿ ಗಂಡ ನುಗ್ಗಿದ. "ಎಲ್ಲಿ ಹೇಳ್ತಾಳೆ! ಕವರ್ ಬಿಚ್ಚೋವರೆಗೂ ತುಟಿ ಪಿಟಕ್ ಅನ್ನಲ್ಲ. ಜಾಸ್ತಿ ಕೇಳಿದ್ರೆ, ಸೋಫಾ ಹೊತ್ಕೊಂಡು ಹೋಗಿ ಅಂತಾಳೆ."

ಆಕೆ ಗಂಡನನ್ನು ಸುಟ್ಟುಬಿಡುವಂತೆ ನೋಡಿದಳು. ಸುಳ್ಳಾಗಿದ್ದರೆ ಬೈಯಬಹುದಿತ್ತು. ಆಮೇಲೆ ಸಹಿ ಹಾಕಬೇಕಿದ್ದ ಕಾಗದ ಹತ್ತಿರಕ್ಕೆ ಎಳೆದುಕೊಂಡಳು.

"ಬಿಚ್ಚಿ ನೋಡಿದಾಗ ಪಟ್ಟಿ ತೆಳ್ಳಗಿದ್ರೆ ಎರಡು ಸಾಲು ಬೇಡ. ಹೇಳಿದ್ದೀನಿ."

"ಆಯ್ತು ಮೇಸ್ತ್ರಿ," ಎಂದರು ಡಾಕ್ಟರು.

ಆಪರೇಷನ್ ಮುಗಿದು ಎಚ್ಚರವಾದಾಗ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. "ಪಟ್ಟಿ ದಪ್ಪಗಿತ್ತು. ಎರಡು ಸಾಲು ಹಾಕಿದೆ." ಆಕೆ ತೊದಲುತ್ತ, ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿರಿ ಎಂದು ಕೇಳಿದಳಂತೆ. ಕೇಳಿದ್ದು ಆಕೆಗೆ ನೆನಪಿಲ್ಲ. ಗಂಡ ಮರೆಯಲು ಬಿಡುವುದಿಲ್ಲ.

ಆರು ವಾರ ಆಕೆ ಕೈ ಅಲುಗಿಸಲಿಲ್ಲ. ಆ ಕೊರತೆಯನ್ನು ನಾಲಿಗೆ ತುಂಬಿಕೊಟ್ಟಿತು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಐದನೇ ತಿಂಗಳ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬಲಗೈಯನ್ನು ಮೆಲ್ಲಗೆ ಎತ್ತಿದಳು. ಎದೆ ದಾಟಿತು, ತಲೆ ದಾಟಿತು, ಬೆರಳು ಮೇಲಿನ ಕಪಾಟಿನ ಹಲಗೆ ಮುಟ್ಟಿತು. ಗಂಡ ಉಳಿ ಕೆಳಗಿಟ್ಟು ನೋಡುತ್ತ ನಿಂತಿದ್ದ.

ಆಕೆ ಬೆರಳನ್ನು ಇಳಿಸಿ ನೋಡಿದಳು. ತುದಿ ಬೂದಿಬಣ್ಣವಾಗಿತ್ತು.

"ಏನ್ರೀ ಇದು, ಇಷ್ಟು ದಿನ ಯಾರೂ ಇಲ್ಲಿ ಧೂಳೇ ಒರೆಸಿಲ್ಲ?"