ಮಟ್ಟೆ ಗುಂಡಿಯ ಮೇಲಿನ ಮೋಲ್ಡ್

ಮೂವತ್ತೆರಡು ವರ್ಷ ಗಾರೆ ಕೆಲಸ ಮಾಡಿ ನಾನು ಸಂಪಾದಿಸಿದ್ದು ಸೊಂಟನೋವು ಮತ್ತು ಗಿಡ್ಡಯ್ಯ ಮೇಸ್ತ್ರಿ ಎಂಬ ಹೆಸರು. ಆ ಹೆಸರು ಉಳಿಸಿಕೊಳ್ಳಲು ಹೋಗಿ ಮಾಡಿದ ಘನಕಾರ್ಯ ಇದು. ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ.

ದಂಡಿನಶಿವರದ ಬಸವರಾಜಪ್ಪನವರು ತೋಟದ ಅಂಚಿನಲ್ಲಿ ಕೊಬ್ಬರಿ ಗೋಡೌನ್ ಕಟ್ಟಿಸುತ್ತಿದ್ದರು. ಮುಂದೆ ಚಿಕ್ಕ ರೂಮು, ಹಿಂದೆ ಕಾಯಿ ತುಂಬುವ ದೊಡ್ಡ ಕೋಣೆ. ಮೊದಲು ರೂಮಿಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ತಾರಸಿ, ಹಾಕಿದೆವು. ಅದು ಬಿರಿಯದೆ ಗಟ್ಟಿಯಾಗಲೆಂದು ಮೇಲೆ ಹದಿನೈದು ದಿನ ನೀರು ನಿಲ್ಲಿಸುವ ಕೆಲಸ ಅದೇ ಊರಿನ ಕೂಲಿಯಾಳು ಅಂಕಮ್ಮನದು. ಬೋರ್‌ವೆಲ್ಲಿಗೆ ಕರೆಂಟು ಸಿಗುತ್ತಿದ್ದುದೇ ದಿನಕ್ಕೆ ನಾಲ್ಕು ತಾಸು. ಆಗ ಬಂದ ಅಷ್ಟೂ ನೀರನ್ನು ಬಸವರಾಜಪ್ಪನವರು ತೆಂಗಿನ ಸಸಿಗಳಿಗೆ ತಿರುಗಿಸುತ್ತಿದ್ದರು. ಬಿಸಿಲಿಗೆ ಸಸಿ ಒಣಗುತ್ತವೆ ಎಂಬ ಸಂಕಟ ಅವರದು. ಅಂಕಮ್ಮ ತೊಟ್ಟಿಯ ತಳದ ನೀರನ್ನು ಕೊಡದಲ್ಲಿ ಹೊತ್ತು, ಏಣಿ ಹತ್ತಿ ಸುರಿಯುತ್ತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ಮೋಲ್ಡ್ ಬಿರುಕು ಬಿಟ್ಟಿತು.

"ಏನ್ ಗಿಡ್ಡಯ್ಯ, ನಿಮ್ಮೋರು ನೀರೇ ಹಾಕಿಲ್ವಲ್ಲಪ್ಪ!" ಎಂದರು ಬಸವರಾಜಪ್ಪ.

ಅವರ ತಮ್ಮನ ಮನೆ ಕಟ್ಟುವ ಕೆಲಸವೂ ನನಗೇ ಬರುವುದರಲ್ಲಿತ್ತು. ನಾನು ಎಲ್ಲರೆದುರು ಅಂಕಮ್ಮನ ಮೇಲೆ ಹರಿಹಾಯ್ದೆ. "ಇಷ್ಟೂ ಆಗಲ್ವೇನಮ್ಮ ನಿನ್ ಕೈಲಿ?"

"ನೀರೆಲ್ಲಿತ್ತು ಮೇಸ್ತ್ರಿ? ನೀವೇ ನೋಡಿದ್ರಲ್ಲ."

"ಬಾಯ್ ಮುಚ್ಕೊಂಡ್ ಕೆಲ್ಸ ನೋಡು."

ಮುಚ್ಚಿಕೊಂಡಳು. ಮೊದಲೆಲ್ಲ "ಮೇಸ್ತ್ರಿ, ಗೋಡೆ ಸೊಟ್ಟ ಹೋಯ್ತಾ ಐತೆ, ಕನ್ನಡಕ ಹಾಕಳಿ" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದವಳು ಮಾತೇ ನಿಲ್ಲಿಸಿದಳು. ಅವಳ ಜೊತೆಯ ಹೆಂಗಸರೂ ನಿಲ್ಲಿಸಿದರು. ಆಮೇಲೆ ನನ್ನ ಆಳುಗಳೂ ಅಷ್ಟೇ. ಸಿಮೆಂಟು ಗಂಟು ಕಟ್ಟಿದ್ದರೂ ಹೇಳದೆ ಕಲಸುತ್ತಿದ್ದರು. ಗಲಾಟೆ ಕಡಿಮೆಯಾಯಿತಲ್ಲ ಎಂದು ನಾನು, ದಡ್ಡ, ಖುಷಿಪಟ್ಟೆ.

ಹಿಂದಿನ ಕೋಣೆಗೆ ಮೋಲ್ಡ್ ಹಾಕುವ ದಿನ ಬಸವರಾಜಪ್ಪನವರ ಮನೆಯಲ್ಲಿ ನಮಗೆಲ್ಲ ಹೋಳಿಗೆ ಊಟ ತಯಾರಾಗುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅರ್ಧ ಕಾಂಕ್ರೀಟು ಬಿದ್ದಿತ್ತು. ಇದ್ದಕ್ಕಿದ್ದಂತೆ ಕೆಳಗೆ ಆಸರೆಯ ಮರ ಕಿರುಗುಟ್ಟಿತು, ನಡುಭಾಗ ಬಸುರಿಯ ಹೊಟ್ಟೆಯ ಹಾಗೆ ಜೋತುಬಿತ್ತು. ಎಲ್ಲರನ್ನೂ ಇಳಿಸಿ ಕೆಳಗೆ ಹೋಗಿ ನೋಡಿದೆ. ಹಸಿ ಮೋಲ್ಡನ್ನು ಹೊತ್ತಿದ್ದ ಸೆಂಟ್ರಿಂಗಿನ ಮೂರು ಕಂಬಗಳು ನೆಲದೊಳಗೆ ಒಂದು ಮೊಳ ಇಳಿದಿದ್ದವು. ಗುದ್ದಲಿ ಹಾಕಿದರೆ ಮೇಲೆ ತೆಳ್ಳಗೆ ಮಣ್ಣು, ಅದರಡಿ ತೆಂಗಿನಕಾಯಿ ಸುಲಿದು ಹಾಕಿದ, ಕೊಳೆತು ಮೆತ್ತಗಾದ ಮಟ್ಟೆ. ತೇವ ನಿಲ್ಲಲಿ ಎಂದು ಮರಗಳ ನಡುವೆ ಗುಂಡಿ ತೆಗೆದು ಮಟ್ಟೆ ಹೂಳುವುದು ನಮ್ಮ ಕಡೆ ಎಲ್ಲ ತೋಟಗಳಲ್ಲೂ ಇದ್ದದ್ದೇ. ಮರ ಕಡಿದ ಜಾಗದಲ್ಲಿ ಕಟ್ಟುತ್ತಿದ್ದೇನೆ, ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಗುಂಡಿ ತೆಗೆಸಿದ್ದ ಬಸವರಾಜಪ್ಪನವರೇ ಮರೆತಿದ್ದರು.

ಅಂಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದೊಡನೆ ನನಗೆ ಅನುಮಾನ ಬಂತು.

"ನಿಂಗೊತ್ತಿತ್ತಾ?"

"ಗೊತ್ತಿತ್ತು. ಇಲ್ಲಿಗೆ ಮಟ್ಟೆ ಹೊತ್ ಹಾಕಿದ್ದೇ ನಾನು."

"ಮತ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿ, ಆಮೇಲೆ ಏನಾರ ಆಗಿದ್ರೆ ಅದೂ ನನ್ ತಲೆಗೇ ಬತ್ತಿತ್ತು."

ಅಷ್ಟರಲ್ಲಿ ಓಡಿಬಂದ ಬಸವರಾಜಪ್ಪನವರು ಅವಳ ಮಾತೆಲ್ಲ ಕೇಳಿಸಿಕೊಂಡಿದ್ದರು. "ಗೊತ್ತಿದ್ದೂ ಸುಮ್ನಿದ್ಲಾ? ಹಂಗಾರೆ ಇದು ಇವಳದ್ದೇ ತಪ್ಪು ಕಣಯ್ಯ!"

ಎಲ್ಲರೂ ನನ್ನನ್ನೇ ನೋಡಿದರು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಧೈರ್ಯ ಬಂತು ಎಂದೇನೂ ಕೊಚ್ಚಿಕೊಳ್ಳುವುದಿಲ್ಲ, ನನಗೆ ಸಾಕುಸಾಕಾಗಿತ್ತು.

"ಅಲ್ಲ ಕಣ್ರೀ. ನೆಲ ನೋಡ್ದೆ ಕಂಬ ನಿಲ್ಸಿದ್ದು ನಾನು. ಮೊದ್ಲನೇ ಮೋಲ್ಡೂ ಅಷ್ಟೇ, ಅದು ಬಿರುಕ್ ಬಿಟ್ಟಿದ್ದು ನೀರಿಲ್ದೆ. ನೀರು ಸಸಿಗೆ ಹೋಗಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ತಪ್ಪನ್ನ ಸುಮ್ ಸುಮ್ನೆ ಇವಳ ಮೇಲೆ ಹಾಕ್ದೆ."

ಬಸವರಾಜಪ್ಪನವರ ಮುಖ ಬಿಗಿಯಿತು. ತಮ್ಮನ ಮನೆ ಕೆಲಸ ಕೈತಪ್ಪಿತೆಂದು ಆಗಲೇ ತಿಳಿಯಿತು. ಅವಳಾದರೂ ಸ್ವಲ್ಪ ಸಮಾಧಾನಪಟ್ಟಾಳು ಎಂದು ಅಂಕಮ್ಮನ ಕಡೆ ತಿರುಗಿದೆ.

"ಇದನ್ನ ಅವತ್ತೇ ಅಂದಿದ್ರೆ," ಎಂದಳು ಅವಳು, "ನಾನೂ ಹೇಳ್ತಿದ್ದೆ ಮೇಸ್ತ್ರಿ."