ಕೊಳೆತವು ಎಂಬ ಫೋಲ್ಡರು

"ಹೂವು ಇದೆ, ಪಿಂದೆ ಇದೆ, ಹಣ್ಣೂ ಇದೆ. ಕೊಳೆತವು ಎಲ್ಲೋ ಕದಿರೇಶ?" ಎಂದು ಶೋಭಾರಾಣಿ ಫೋನಿನಲ್ಲಿ ಕೇಳಿದಾಗ, ಶ್ರೀನಿವಾಸಪುರದ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದ ಕದಿರೇಶ್ ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಅದ್ಯಾಕಕ್ಕಾ ನಿಮ್ಗೆ? ಅದ್ರಲ್ಲಿ ಬರೀ ಬೈಗುಳ ಇತ್ತು."

"ಅದೇ ಬೇಕಾಗಿರೋದು ಕಣಪ್ಪಾ."

ಗೌನಿಪಲ್ಲಿಯ ಹೊರಗೆ ಶೋಭಾರಾಣಿಯ ಮಾವಿನ ಗಿಡಗಳ ನರ್ಸರಿ. ಗಿರಾಕಿಗಳ ಮೇಲ್‌ಗಳನ್ನೂ ಅವಳು ಮರದ ಲೆಕ್ಕದಲ್ಲೇ ಜೋಡಿಸಿಟ್ಟಿದ್ದಳು. ಸುಮ್ಮನೆ ವಿಚಾರಿಸಿದವರು ಹೂವು, ಚೌಕಾಸಿಗೆ ಇಳಿದವರು ಪಿಂದೆ, ಎಂದರೆ ಹೀಚು, ಕೊಂಡವರು ಹಣ್ಣು. ಬೈದವರು, ಮುನಿಸಿಕೊಂಡವರು, ನಿಮ್ಮ ಸಹವಾಸವೇ ಸಾಕು ತಾಯಿ ಎಂದು ಕೈ ಮುಗಿದವರು ಕೊಳೆತವು. ಕೇಳಿದವರು ನಗುತ್ತಿದ್ದರು, ನಗಲಿ. ಮಾವಿನ ನರ್ಸರಿ ಎಂಬುದು ನಿಂತಿರುವುದೇ ಕೊಳೆತ ಹಣ್ಣಿನ ಮೇಲೆ. ಜ್ಯೂಸ್ ಫ್ಯಾಕ್ಟರಿಯವರು ಹೊರಗೆ ಎಸೆದದ್ದನ್ನು ಟ್ರ್ಯಾಕ್ಟರಿನಲ್ಲಿ ತಂದು, ಓಟೆ ಬಿಡಿಸಿ ತೊಳೆದು ಊರಿ, ಮೊಳೆತ ಗಿಡಕ್ಕೆ ಬಾದಾಮಿಯನ್ನೋ ಮಲ್ಲಿಕಾವನ್ನೋ ಕಸಿ ಕಟ್ಟಬೇಕು. ಅದೇ ಧೈರ್ಯದ ಮೇಲೆ ಪ್ರತಿ ಆಷಾಢದಲ್ಲಿ ಅವಳು ಬೈದವರಿಗೆಲ್ಲ ಒಂದೊಂದು ಮೇಲ್ ಹಾಕುತ್ತಿದ್ದಳು. ನಾಲ್ಕು ಜನ ಮತ್ತೆ ಬೈದರೆ ಇಬ್ಬರು ಗಿಡ ಕೊಳ್ಳುತ್ತಿದ್ದರು.

ಈ ವರ್ಷವಂತೂ ಆ ಇಬ್ಬರು ಬೇಕೇ ಬೇಕಿತ್ತು. ರಾಜ್ಯದ ಗಡಿಯಾಚೆಯ ದೊಡ್ಡ ಗಿರಾಕಿಯೊಬ್ಬ ಕೊನೆ ಗಳಿಗೆಯಲ್ಲಿ ಕೈ ಕೊಟ್ಟಿದ್ದ. ನೆರಳುಬಲೆಯ ಕೆಳಗೆ ಎರಡು ಸಾವಿರ ಗಿಡ ಹಾಗೇ ನಿಂತಿದ್ದವು. ಬೇರು ಆಗಲೇ ಕವರು ಹರಿದುಕೊಂಡು ನೆಲಕ್ಕೆ ಇಳಿಯತೊಡಗಿತ್ತು. ಇನ್ನೂ ತಡ ಮಾಡಿದರೆ ಎತ್ತುವಾಗ ಬೇರು ಕಿತ್ತು ಗಿಡ ಸಾಯುತ್ತದೆ. ಒಂದೊಂದಕ್ಕೂ ಅವಳೇ ಕೂತು ಕಸಿ ಕಟ್ಟಿದ್ದಳು.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ," ಎಂದ ಕದಿರೇಶ್. "ಅದನ್ನ ಹಳೇ ಕಂಪ್ಯೂಟರಲ್ಲೇ ಬಿಟ್ಟೆ. ಅಜ್ಜಿ ಬಿಡು ಅಂದ್ರು."

ಆದದ್ದು ಇಷ್ಟು. ಹೋದ ವಾರ ಅವನು ಹೊಸ ಕಂಪ್ಯೂಟರ್ ಜೋಡಿಸಲು ಬಂದಾಗ, ಶೋಭಾರಾಣಿಯ ಅತ್ತೆ ದೊಡ್ಡಗಂಗಮ್ಮ ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು.

"ಏಮಿರಾ, ಬೆಳಗಿಂದ ಅದೇನು ಮಾಡ್ತಿದ್ದೀಯ?"

"ಮೇಲ್‌ಗಳನ್ನ ಹೊಸದಕ್ಕೆ ಬದಲಾಯಿಸ್ತಿದ್ದೀನಿ ಅಜ್ಜಿ. ಹಳೇದ್ರಲ್ಲಿ ಫೋಲ್ಡರಿಗೊಂದು ಫೈಲು. ಹೊಸ ಸಾಫ್ಟ್‌ವೇರು ಅದನ್ನ ಮೂಸೂ ನೋಡಲ್ಲ. ಎಲ್ಲಾ ಸೇರಿಸಿ ಅದಕ್ಕೆ ಬೇಕಾದಂಗೆ ಒಂದೇ ದೊಡ್ಡ ಫೈಲು ಮಾಡಿ ಕೊಡ್ಬೇಕು. ಆಮೇಲೆ ಹಳೇದನ್ನ ಅಳಿಸಿಬಿಡೋದು."

"ವಾಡೆಯಿಂದ ಡ್ರಮ್ಮಿಗೆ ರಾಗಿ ಸುರಿದಂಗೆ ಅನ್ನು."

"ಅಂಗೇ ಅನ್ಕೊಳ್ಳಿ."

"ಅಂಗಾದ್ರೆ ಒಂದು ಹಿಡಿ ಹಳೇದ್ರಲ್ಲೇ ಬಿಡು. ವಾಡೆ ಬರಿದು ಮಾಡ್ಬಾರ್ದು, ಮನೆಗೆ ಒಳ್ಳೇದಲ್ಲ."

ಕದಿರೇಶನ ಮನೆಯಲ್ಲೂ ರಾಗಿಯ ಮಣ್ಣಿನ ವಾಡೆಯನ್ನು ತಳ ಕಾಣುವ ಹಾಗೆ ಬಳಿದವರಿಲ್ಲ. ಹಿರಿಯರ ಮಾತು, ತನ್ನ ಗಂಟೇನು ಹೋಗಬೇಕು ಎಂದುಕೊಂಡ. ಬಿಡುವುದಾದರೆ ಯಾವುದನ್ನು ಬಿಡುವುದು? ಕೊಳೆತವು ಎಂದು ಹೆಸರೇ ಹೇಳುತ್ತಿರುವಾಗ ಅದಕ್ಕಿಂತ ಕೆಲಸಕ್ಕೆ ಬಾರದ್ದು ಇನ್ಯಾವುದಿದ್ದೀತು?

"ಹಳೇ ಪೆಟ್ಟಿಗೆ ಮನೇಲೇ ಇದೆ ತಾನೆ ಅಕ್ಕಾ? ಮೇಲ್ ಇನ್ನೆಲ್ಲೂ ಇಲ್ಲ," ಎಂದ ಈಗ.

ಶೋಭಾರಾಣಿ ಫೋನನ್ನು ಮೇಜಿನ ಮೇಲೆ ಬಿಟ್ಟು ಎದ್ದಳು. ಗುಜರಿಯವನು ಬಂದರೆ ಕೆಟ್ಟ ಮೋಟರು, ಔಷಧಿ ಹೊಡೆಯುವ ಪಂಪು, ಹಳೇ ಕಂಪ್ಯೂಟರು ಎಲ್ಲವನ್ನೂ ಹಾಕಿಬಿಡಿ ಎಂದು ಬೆಳಿಗ್ಗೆ ಅತ್ತೆಗೆ ಹೇಳಿದವಳು ಅವಳೇ. ಗುಜರಿ ಆಟೋದ ಕೂಗು ಕೇಳಿ ಆಗಲೇ ಎಷ್ಟು ಹೊತ್ತಾಗಿತ್ತೋ. ಹಿತ್ತಿಲಿಗೆ ಓಡಿದಳು. ಮೋಟರಿಲ್ಲ, ಪಂಪಿಲ್ಲ, ಕಂಪ್ಯೂಟರೂ ಇಲ್ಲ.

ದೊಡ್ಡಗಂಗಮ್ಮ ಕೊಳೆತ ಹಣ್ಣಿನ ರಾಶಿಯ ಪಕ್ಕ ಕೂತು, ಮೊಣಕೈವರೆಗೆ ರಸ ಮೆತ್ತಿಕೊಂಡು ಓಟೆ ಬಿಡಿಸುತ್ತಿದ್ದಳು.

"ಅತ್ತೆ, ಕಂಪ್ಯೂಟರ್ ಹಾಕ್ಬಿಟ್ರಾ?"

"ನೀನೇ ಅಲ್ವಾ ಹಾಕು ಅಂದಿದ್ದು."

ಶೋಭಾರಾಣಿ ಅಲ್ಲೇ ಕಟ್ಟೆಯ ಮೇಲೆ ಕೂತಳು. ಮುದುಕಿ ಇನ್ನೊಂದು ಓಟೆಯನ್ನು ನಿಧಾನವಾಗಿ ಬಕೆಟ್ಟಿಗೆ ಹಾಕಿದಳು.

"ಹಾಕ್ಲಿಲ್ಲ, ಹೋಗು. ಒಂದು ಹಿಡಿ ಒಳಗೈತೆ ಅಂದಿದ್ದ ಆ ಹುಡ್ಗ. ಕಾಳಿರೋ ವಾಡೇನ ಯಾರಾದ್ರೂ ಗುಜರಿಗೆ ಹಾಕ್ತಾರೇನೇ? ಹೇಳೋಳು ಹೇಳ್ತೀಯ, ಕೇಳೋಳಿಗೆ ಬುದ್ಧಿ ಬೇಡ್ವಾ?"

ಒಳಕೋಣೆಯಲ್ಲಿ, ರಾಗಿಯ ವಾಡೆಯ ಪಕ್ಕದ ಮಣೆಯ ಮೇಲೆ ಹಳೇ ಕಂಪ್ಯೂಟರು ಕುಂಕುಮ ಇಟ್ಟುಕೊಂಡು ಕೂತಿತ್ತು. ಶೋಭಾರಾಣಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಕದಿರೇಶ್ ಬೈಕಿನಲ್ಲಿ ಬಂದ. ಪೆಟ್ಟಿಗೆ ಮೊದಲು ಏಳಲೇ ಇಲ್ಲ. ಅವನು ಪಕ್ಕೆಗೆ ಎರಡು ತಟ್ಟಿದ ಮೇಲೆ ಗೊರಗೊರ ಎಂದು ಎದ್ದಿತು. ಕೊಳೆತವು ಹೊಸ ರೂಪ ತಾಳಿ ಹೊಸ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದುಕೊಂಡಾಗ ಶೋಭಾರಾಣಿ ಕಳೆದುಹೋದ ನೆಂಟರನ್ನು ಕಂಡವಳಂತೆ ಓದಿದಳು. ಮಾಲೂರಿನ ಸೊಣ್ಣಪ್ಪನವರ ಹಳೇ ಮೇಲ್ ಸಿಕ್ಕಾಗ ಗಟ್ಟಿಯಾಗಿಯೇ ಓದಿದಳು. "ಅಮ್ಮಾ, ನೀವು ಕಳಿಸಿದ್ದು ಗಿಡವಲ್ಲ, ಕಡ್ಡಿ. ಹಲ್ಲುಜ್ಜಲಿಕ್ಕೂ ಬಾರದ ಕಡ್ಡಿ." ಅಂದು ಇದನ್ನೋದಿ ರಾತ್ರಿ ಊಟ ಬಿಟ್ಟಿದ್ದಳು.

"ಇಂಥೋರಿಗೆಲ್ಲಾ ಬರೀತೀರಾ ಅಕ್ಕಾ?" ಎಂದ ಕದಿರೇಶ್.

"ಇಷ್ಟುದ್ದ ಬೈಯೋಕೆ ಗಿಡದ ಮೇಲೆ ಆಸೆ ಇರ್ಬೇಕು ಕಣೋ. ಆಸೆ ಇಲ್ದೋನು ಸುಮ್ನಿರ್ತಾನೆ."

ಎಲ್ಲರಿಗೂ ಬರೆದಳು. ಹೊರಡುವಾಗ ಕದಿರೇಶನನ್ನು ದೊಡ್ಡಗಂಗಮ್ಮ ಬಾಗಿಲಲ್ಲೇ ತಡೆದಳು.

"ಈ ಸಲ ಏನು ಬಿಟ್ಟೆ?"

"ಏನೂ ಬಿಟ್ಟಿಲ್ಲ ಅಜ್ಜಿ. ಒಂದ್ಸಲ ಬಿಟ್ಟಿದ್ದೇ ಸಾಕು."

ಮುದುಕಿ ಅವನನ್ನು ಕೆಕ್ಕರಿಸಿ ನೋಡಿ, ಕೈ ತೊಳೆದುಕೊಂಡು ಒಳಕೋಣೆಗೆ ಹೋದಳು.

ಮಾರನೆಯ ದಿನ ಮೊದಲು ಬಂದ ಉತ್ತರ ಸೊಣ್ಣಪ್ಪನವರದು. "ಕಡ್ಡಿ ಅಂದಿದ್ದೆ, ಈಗಲೂ ಅದನ್ನೇ ಅನ್ನುತ್ತೇನೆ. ಆದರೆ ಎರಡು ಕಡ್ಡಿ ಬದುಕಿಕೊಂಡು ಈ ಸಲ ಕಾಯಿ ಬಿಟ್ಟಿವೆ. ಹಣ್ಣು ತಿಂದೆವು. ಬೈಯಲು ಏನೂ ಸಿಗಲಿಲ್ಲ. ನನಗೂ ನಮ್ಮ ಅಣ್ಣತಮ್ಮಂದಿರಿಗೂ ಸೇರಿ ಆರುನೂರು ಗಿಡ ಬೇಕು. ಈ ಸಲವಾದರೂ ಗಿಡ ಕಳಿಸಿ." ಹಿಂದೆಯೇ ನಂಗಲಿಯಿಂದ ಒಂದು, ಬೈರಕೂರಿನಿಂದ ಒಂದು ಬಂದವು. ಶೋಭಾರಾಣಿ ಸೊಣ್ಣಪ್ಪನವರ ಮೇಲನ್ನು ಎಳೆದು ಹಣ್ಣಿಗೆ ಹಾಕಿದಳು. ಆಮೇಲೆ ಏನನ್ನಿಸಿತೋ, ವಾಪಸ್ ತಂದು ಕೊಳೆತವುಗಳಲ್ಲೇ ಇಟ್ಟಳು.

ಹೊರಗೆ ಮಾಲೂರಿಗೆ ಹೋಗುವ ಗಾಡಿಗೆ ಗಿಡ ಹತ್ತಿಸುತ್ತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹಗ್ಗ ತರಲು ಒಳಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು. ಹಳೇ ಕಂಪ್ಯೂಟರಿನ ನೆತ್ತಿಯ ಮೇಲೆ ಯಾರೋ ಒಂದು ಹಿಡಿ ರಾಗಿ ಇಟ್ಟಿದ್ದರು. ಹುಂಜವೊಂದು ಮಣೆ ಹತ್ತಿ ನಿಂತು ಅದನ್ನು ಒಂದೊಂದೇ ಕಾಳಾಗಿ ಹೆಕ್ಕುತ್ತಿತ್ತು. ಶೋಭಾರಾಣಿ ಅದನ್ನು ಓಡಿಸಲಿಲ್ಲ. ವಾಡೆಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು ಅಲ್ಲಿಟ್ಟು, ಹಗ್ಗ ಹೆಗಲಿಗೇರಿಸಿಕೊಂಡು ಹೊರಟಳು.